ಕನ್ನಡ ಶೀರ್ಷಿಕೆಗೆ ಚಲನೆ ಕೊಡುವುದು: ಒತ್ತು ಕಳಚದಂತೆ, ಕಾಗುಣಿತ ಕೆಡದಂತೆ

ಟ್ರೇಲರ್‌ನ ಕೊನೆಯಲ್ಲಿ ಸಿನಿಮಾದ ಹೆಸರು ತೆರೆಯ ಮೇಲೆ ನಿಲ್ಲುವುದು ಹೆಚ್ಚೆಂದರೆ ಮೂರು ನಾಲ್ಕು ಸೆಕೆಂಡು. ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಅದೇ ಪ್ರಿಸೆಟ್ಟನ್ನು (ಸಿದ್ಧ ಚಲನೆಯನ್ನು) ಕನ್ನಡ ಹೆಸರಿಗೆ ಹಚ್ಚಿದರೆ ಅಷ್ಟರೊಳಗೇ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹಾರಿಹೋಗುತ್ತವೆ. ಒಂದೊಂದು ಬಿಡಿ ಲಿಪಿಚಿಹ್ನೆಯೂ ತಾನೇ ತಾನಾಗಿ ಚಲಿಸಬಹುದು ಎಂದುಕೊಂಡು ಆ ಪ್ರಿಸೆಟ್ ಮಾಡಿರುತ್ತಾರೆ. ನಮ್ಮಲ್ಲಿ ಹಾಗಲ್ಲ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಅಕ್ಷರ. ಚಲಿಸಬೇಕಾದದ್ದು ಆ ಇಡೀ ಅಕ್ಷರ. ಮುಂದೆ ಹೇಳುವ ಹೆಚ್ಚಿನ ಕೆಲಸವೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟುತ್ತದೆ.

ಉದಾಹರಣೆಗೆ ‘ಸೂರ್ಯಾಸ್ತ’ ಎಂಬ ಪದ ತೆಗೆದುಕೊಳ್ಳಿ. ಓದುವವರಿಗೆ ಮೂರೇ ಅಕ್ಷರ: ಸೂ, ರ್ಯಾ, ಸ್ತ. ಯೂನಿಕೋಡ್ ಲೆಕ್ಕದಲ್ಲಿ 9 ಸಂಕೇತ. ಸಾಲದ್ದಕ್ಕೆ, ಸಂಕೇತಗಳ ಸಾಲಿನಲ್ಲಿ ‘ರ್’ ಮೊದಲು ಬಂದರೂ ತೆರೆಯ ಮೇಲೆ ಅರ್ಕಾವೊತ್ತು ‘ಯಾ’ ಆದಮೇಲೆ ಕೂರುತ್ತದೆ. ಎಡದಿಂದ ಬಲಕ್ಕೆ ಒಂದೊಂದೇ ಚಿಹ್ನೆ ಮೂಡುವ ಎಫೆಕ್ಟ್ ಹಾಕಿದರೆ ಪ್ರೇಕ್ಷಕ ‘ಸೂಯಾ’ ಎಂದು ಓದಿ ಮುಗಿಸಿದ ಮೇಲೆ ಅರ್ಕಾವೊತ್ತು ಬಂದು ತಿದ್ದುಪಡಿ ಮಾಡುತ್ತದೆ.

ಪಠ್ಯ ಕೈಗೆ ಬಂದಾಗ

ಗಾಂಧಿನಗರದ ಕಡೆಯಿಂದ ಬರುವ ಪಠ್ಯ ಇನ್ನೂ ಎಷ್ಟೋ ಸಲ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೂಪದಲ್ಲಿರುತ್ತದೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆದರೆ ಪರಿವರ್ತನೆಯಾದ ಪಠ್ಯವನ್ನು ನಂಬಬೇಡಿ. ಅರ್ಕಾವೊತ್ತು, ಎರಡು ಒತ್ತುಗಳ ಅಕ್ಷರ, ದೀರ್ಘ, ಈ ಮೂರು ಜಾಗದಲ್ಲಿ ತಪ್ಪು ನುಸುಳುತ್ತದೆ. ತಾಂತ್ರಿಕ ಪಟ್ಟಿಯಲ್ಲಿ ಮುನ್ನೂರು ಹೆಸರಿದ್ದರೆ ಮುನ್ನೂರನ್ನೂ ಮೂಲದ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಓದಬೇಕು, ಬೇರೆ ದಾರಿಯಿಲ್ಲ. ಸಿನಿಮಾದ ಹೆಸರಿನ ಕಾಗುಣಿತಕ್ಕೆ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿಯಾದ ರೂಪವೇ ಆಧಾರ. ಪೋಸ್ಟರ್ ಮಾಡಿದವರ ಫೈಲ್ ಆಧಾರವಲ್ಲ.

ಬ್ರ್ಯಾಂಡ್ ಕೆಲಸದಲ್ಲಿ ಕಾಟ ಕೊಡುವುದು ಕಣ್ಣಿಗೆ ಕಾಣದ ಎರಡು ಸಂಕೇತಗಳು. ‘ಸಾಫ್ಟ್‌ವೇರ್’ ಎಂದು ಬರೆಯಲು ‘ಟ್’ ಆದಮೇಲೆ ಜೋಡಣೆ ತಡೆಯುವ ಸಂಕೇತ ಬೇಕು. ಅದಿಲ್ಲದಿದ್ದರೆ ‘ವ’ ಕೂಡ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಲಿ’, ‘ರ‍್ಯಾಂಕ್’ ಬರೆಯಲು ‘ರ’ ಆದಮೇಲೆ ಜೋಡಿಸುವ ಸಂಕೇತ ಬೇಕು. ಅದು ಬಿದ್ದುಹೋದರೆ ಅರ್ಕಾವೊತ್ತು ಬಂದು ‘ರ್ಯಾಲಿ’ ಆಗುತ್ತದೆ. ಚಾಟ್‌ನಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಚಲನೆ ಕೊಡುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್‌ಗೆ ಅಂಟಿಸುವಾಗ ಈ ಸಂಕೇತಗಳು ಉದುರಿಹೋಗುವ ಸಾಧ್ಯತೆ ಇದ್ದೇ ಇದೆ. ಬೆಂಗಳೂರಿನ ಕಂಪನಿಗಳ ಹೆಸರಲ್ಲಿ ಇಂಥ ಇಂಗ್ಲಿಷ್ ಪದಗಳೇ ತುಂಬಿರುವುದರಿಂದ ಅಂಟಿಸಿದ ಕೂಡಲೇ ಒಮ್ಮೆ ಕಣ್ಣಾಡಿಸಿ.

ತಂತ್ರಾಂಶ ಸರಿ ಮಾಡಿಕೊಳ್ಳಿ

ಹೊಸ ಯಂತ್ರದಲ್ಲಿ ಕೆಲಸ ಶುರು ಮಾಡುವ ಮುಂಚೆ ಈ ಸಾಲನ್ನು ಟೈಪ್ ಮಾಡಿ ನೋಡಿ: ರಾಷ್ಟ್ರ, ಸ್ತ್ರೀ, ಸೂರ್ಯ, ಕೃಷ್ಣ, ಜ್ಞಾನ, ಕ್ಷಣ, ಸಾಫ್ಟ್‌ವೇರ್, ರ‍್ಯಾಲಿ. ಎಂಟೂ ಸರಿಯಾಗಿ ಕಂಡರೆ ಮುಂದುವರಿಯಬಹುದು. ಒತ್ತು ಕೆಳಗಿಳಿಯದೆ ಅರ್ಧಾಕ್ಷರದ ಪಕ್ಕದಲ್ಲೇ ನಿಂತಿದ್ದರೆ ಪಠ್ಯದ ಎಂಜಿನ್ (ಅಕ್ಷರ ಜೋಡಿಸುವ ವ್ಯವಸ್ಥೆ) ತಪ್ಪಾಗಿದೆ ಎಂದರ್ಥ. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಆರಿಸಬೇಕು. ಇಲಸ್ಟ್ರೇಟರ್‌ನಲ್ಲಿ ಟೈಪ್ ವಿಭಾಗದ ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಿ, ಪ್ಯಾರಾಗ್ರಾಫ್ ಫಲಕದಲ್ಲಿ ಅದೇ ಭಾಷಾಗುಂಪಿನ ಕಂಪೋಸರ್ ಆರಿಸಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆವೃತ್ತಿಗೆ ತಕ್ಕಂತೆ ಟೈಪ್ ಪ್ರಿಫರೆನ್ಸಸ್ ಅಥವಾ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ಈ ಆಯ್ಕೆ ಸಿಗುತ್ತದೆ. ಸೆಟ್ಟಿಂಗ್ ಬದಲಿಸಿದ ಮೇಲೂ ಹಳೆಯ ಲೇಯರ್ ಒಡೆದೇ ಕಂಡರೆ ಗಾಬರಿ ಬೇಡ. ಹೊಸ ಟೆಕ್ಸ್ಟ್ ಲೇಯರ್ ಮಾಡಿ ಪಠ್ಯವನ್ನು ಮತ್ತೆ ಅಂಟಿಸಿ.

ಫಾಂಟ್ ವಿಚಾರಕ್ಕೆ ಬಂದರೆ, ನೋಟೊ ಸಾನ್ಸ್ ಕನ್ನಡ ಹೆಸರುಪಟ್ಟಿಗೆ ನಂಬಿಕಸ್ತ. ಬಲೂ ತಮ್ಮ ದುಂಡಗೆ, ಮಕ್ಕಳ ಕಾರ್ಯಕ್ರಮ, ತಿಂಡಿ ತಿನಿಸಿನ ಬ್ರ್ಯಾಂಡ್‌ಗಳಿಗೆ ಒಪ್ಪುತ್ತದೆ (ಈಗಂತೂ ಬೀದಿಗೊಂದು ಬೋರ್ಡಿನಲ್ಲಿದೆ, ಹೊಸತನ ಬೇಕೆನ್ನುವವರು ಬೇರೆ ಹುಡುಕಿ). ಅನೇಕ್ ಕನ್ನಡ ವೇರಿಯಬಲ್ ಫಾಂಟ್. ದಪ್ಪ, ಅಗಲ ಎರಡನ್ನೂ ಬದಲಿಸಬಹುದು. ಈ ಮೂರೂ ಮುಕ್ತ ಫಾಂಟ್ ಪರವಾನಗಿಯಲ್ಲಿ ಸಿಗುವುದರಿಂದ ವಾಣಿಜ್ಯ ಕೆಲಸಕ್ಕೆ ಬಳಸಬಹುದು, ಔಟ್‌ಲೈನ್ ಮಾಡಿ (ಪಠ್ಯವನ್ನು ಆಕಾರವಾಗಿ ಬದಲಿಸಿ) ತಿದ್ದಬಹುದು. ಸಿನಿಮಾದ ಹೆಸರಿಗೆ ಮಾತ್ರ ಫಾಂಟ್‌ಗಿಂತ ಕೈಬರಹದ ಲೆಟರಿಂಗ್ ಮಾಡಿಸುವುದೇ ಮೇಲು. ಟೈಪ್ ಮಾಡಿದ ಹೆಸರು ಎಷ್ಟೇ ಹೊಳೆದರೂ ಪೋಸ್ಟರ್‌ನಲ್ಲಿ ಮಂಕಾಗಿಯೇ ಕಾಣುತ್ತದೆ.

ಅಕ್ಷರಕ್ಕೊಂದು ಲೇಯರ್

ಹೆಸರು ಅಂತಿಮವಾದ ಮೇಲೆ ಇಲಸ್ಟ್ರೇಟರ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಔಟ್‌ಲೈನ್ ಮಾಡಿ. ಆಫ್ಟರ್ ಎಫೆಕ್ಟ್ಸ್‌ನ ‘ಕ್ರಿಯೇಟ್ ಶೇಪ್ಸ್ ಫ್ರಮ್ ಟೆಕ್ಸ್ಟ್’ ಕೂಡ ನಡೆಯುತ್ತದೆ. ಅದು ಕೊಡುವ ಗುಂಪುಗಳನ್ನು ಅಕ್ಷರದ ಲೆಕ್ಕಕ್ಕೆ ಮತ್ತೆ ಜೋಡಿಸಿಕೊಳ್ಳಬೇಕಾಗುತ್ತದೆ, ಅಷ್ಟೆ. ಒಂದು ಓದುವ ಅಕ್ಷರಕ್ಕೆ ಒಂದು ಲೇಯರ್. ಅದರೊಳಗೆ ಮೂಲಾಕ್ಷರ ಒಂದು ಗುಂಪು, ಒತ್ತು ಒಂದು ಗುಂಪು, ಬೇರೆಯಾಗಿ ನಿಲ್ಲುವ ದೀರ್ಘ ಅಥವಾ ಅರ್ಕಾವೊತ್ತು ಒಂದು ಗುಂಪು. ತಲಕಟ್ಟನ್ನು ಬಿಡಿಸಬೇಡಿ, ಅದು ಮೂಲಾಕ್ಷರದ ಜೊತೆಗೇ ಇರಲಿ. ಲೇಯರ್ ಹೆಸರನ್ನು ‘01 ಸೂ’, ‘02 ರ್ಯಾ’, ‘03 ಸ್ತ’ ಎಂದು ಕೊಟ್ಟರೆ ಬೇರೆಯವರು ಫೈಲ್ ತೆರೆದಾಗಲೂ ತಿಳಿಯುತ್ತದೆ.

ಆ್ಯಂಕರ್ ಪಾಯಿಂಟ್ (ಅಕ್ಷರ ತಿರುಗುವ, ಹಿಗ್ಗುವ ಕೇಂದ್ರಬಿಂದು) ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ತಂತ್ರಾಂಶ ತಾನಾಗಿ ಇಡೀ ಆಕಾರದ ನಡುವೆ ಇಡುತ್ತದೆ. ‘ಸೂ’ಗೆ ಕೊಂಬಿನ ಇಳಿ ಬಲಕ್ಕೆ ಚಾಚಿರುತ್ತದೆ, ‘ಸ್ತ’ದ ಒತ್ತು ಕೆಳಗೆ ಇಳಿದಿರುತ್ತದೆ, ಹೀಗಾಗಿ ನಡು ಒಂದೊಂದು ಅಕ್ಷರಕ್ಕೂ ಒಂದೊಂದು ಎತ್ತರದಲ್ಲಿ ಬರುತ್ತದೆ. ಆಮೇಲೆ ಸ್ಕೇಲ್ ಅಥವಾ ರೊಟೇಶನ್ ಹಾಕಿದಾಗ ಒಂದು ಅಕ್ಷರ ಮೇಲೆ, ಒಂದು ಕೆಳಗೆ ಕುಣಿಯುತ್ತದೆ. ಒತ್ತು, ದೀರ್ಘಗಳನ್ನು ಲೆಕ್ಕಕ್ಕೆ ಹಿಡಿಯದೆ, ಮೂಲಾಕ್ಷರದ ನಡು ಮತ್ತು ಅದು ಕೂತಿರುವ ಅಡಿಗೆರೆ ಸೇರುವ ಬಿಂದುವಿಗೆ ಆ್ಯಂಕರನ್ನು ಕೈಯಾರೆ ತನ್ನಿ. ಎಲ್ಲ ಅಕ್ಷರಕ್ಕೂ ಅದೇ ಅಡಿಗೆರೆ.

ಟ್ರೇಲರ್‌ನವರ ಅಚ್ಚುಮೆಚ್ಚಿನ ಚಲನೆ ಎಂದರೆ ಅಕ್ಷರಗಳು ನಿಧಾನವಾಗಿ ಒಂದರಿಂದ ಒಂದು ದೂರ ಸರಿಯುವುದು. ಇದಕ್ಕೆ ಟ್ರ್ಯಾಕಿಂಗ್ ಬಳಸಲೇಬೇಡಿ. ಟ್ರ್ಯಾಕಿಂಗ್ ಚಿಹ್ನೆಗಳ ನಡುವೆ ಜಾಗ ತುಂಬುತ್ತದೆ. ದೀರ್ಘವೂ ಅರ್ಕಾವೊತ್ತೂ ತಮ್ಮ ಅಕ್ಷರದಿಂದ ಕಳಚಿ ನಡುದಾರಿಯಲ್ಲಿ ನಿಲ್ಲುತ್ತವೆ. ಬದಲಿಗೆ ಲೇಯರ್‌ಗಳನ್ನೇ ಸರಿಸಿ. ಪ್ರತಿ ಅಕ್ಷರಕ್ಕೆ ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯಿಂದ ನಡುವಿನ ಸಂಖ್ಯೆಯನ್ನು ಕಳೆದು, ಬಂದದ್ದನ್ನು ಒಂದೇ ಸ್ಲೈಡರ್ ಬೆಲೆಯಿಂದ ಗುಣಿಸಿ ಪೊಸಿಷನ್‌ನ ಅಡ್ಡ ಬೆಲೆಗೆ ಕೂಡಿಸುವ ಎಕ್ಸ್‌ಪ್ರೆಶನ್ (ಚಿಕ್ಕ ಸೂತ್ರ) ಸಾಕು. ಮೂರು ಅಕ್ಷರವಾದರೆ ನಡುವಿನದು 2. ಮೊದಲನೆಯದು ಎಡಕ್ಕೆ ಒಂದು ಪಾಲು, ಮೂರನೆಯದು ಬಲಕ್ಕೆ ಒಂದು ಪಾಲು. ಸ್ಲೈಡರನ್ನು 0ಯಿಂದ 24 ಪಿಕ್ಸೆಲ್‌ವರೆಗೆ ನಾಲ್ಕು ಸೆಕೆಂಡಿನಲ್ಲಿ ಒಯ್ದರೆ 2ಕೆ ಚೌಕಟ್ಟಿನಲ್ಲಿ ಸಾಕಷ್ಟು ಗಾಂಭೀರ್ಯ ಬರುತ್ತದೆ.

ಒಂದಾದಮೇಲೊಂದು ಬರುವ ಅಕ್ಷರಗಳಿಗೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 2ರಿಂದ 3 ಫ್ರೇಮ್ ಅಂತರ ಇಡಿ. ಒತ್ತು ತನ್ನ ಅಕ್ಷರಕ್ಕಿಂತ 2 ಫ್ರೇಮ್ ತಡವಾಗಿ ಬಂದು, ಇರಬೇಕಾದ ಜಾಗವನ್ನು ಶೇ 6ರಿಂದ 8ರಷ್ಟು ದಾಟಿ ಹಿಂದಕ್ಕೆ ಬಂದು ಕೂತರೆ ತೂಕವಿರುವ ವಸ್ತುವಿನಂತೆ ಕಾಣುತ್ತದೆ. ಕನ್ನಡದಂಥ ಒತ್ತಿರುವ ಲಿಪಿಗೆ ಸಿಗುವ ಸೊಗಸು ಇದು, ಬಳಸಿಕೊಳ್ಳಿ. ಆದರೆ 4 ಫ್ರೇಮ್ ಮೀರಬಾರದು. ಮೀರಿದರೆ ಕಣ್ಣು ‘ಅಕ್ಕ’ ಬದಲು ‘ಅಕ’ ಓದಿಬಿಡುತ್ತದೆ. ಮುಗಿದ ಮೇಲೆ ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತ ನೋಡಿ. ಅರ್ಧ ಮೂಡಿದ ಹೆಸರು ಬೇರೆ ಪದವಾಗಿ, ಅದರಲ್ಲೂ ಬೈಗುಳವಾಗಿ ಕಾಣುವುದುಂಟು. ನೋಡುವವರು ಸರಿಯಾಗಿ ಆ ಫ್ರೇಮಿನಲ್ಲೇ ನಿಲ್ಲಿಸಿ ಸ್ಕ್ರೀನ್‌ಶಾಟ್ ಹೊಡೆಯುತ್ತಾರೆ.

ಬರೆಯುತ್ತ ಮೂಡುವ ಹೆಸರು

ಎಲ್ಲರೂ ಕೇಳುವುದು ಇದನ್ನೇ, ಹೆಚ್ಚು ಕೆಡುವುದೂ ಇದೇ. ವಿಧಾನ ಸರಳ: ಅಕ್ಷರದ ದಪ್ಪ ಗೆರೆಯ ನಡುವೆ ಪೆನ್ ಟೂಲ್‌ನಿಂದ ಒಂದು ದಾರಿ ಎಳೆಯಿರಿ, ಆ ದಾರಿಗೆ ಅಕ್ಷರದ ಗೆರೆಗಿಂತ ಶೇ 10ರಿಂದ 15ರಷ್ಟು ಹೆಚ್ಚು ದಪ್ಪದ ಸ್ಟ್ರೋಕ್ ಕೊಡಿ, ಟ್ರಿಮ್ ಪಾತ್ಸ್ (ದಾರಿ ಎಷ್ಟು ಕಾಣಬೇಕೆಂದು ನಿಯಂತ್ರಿಸುವ ಸಾಧನ) ಹಾಕಿ ಕೊನೆಯ ಬೆಲೆಯನ್ನು 0ಯಿಂದ 100ಕ್ಕೆ ಒಯ್ಯಿರಿ, ಅಕ್ಷರಕ್ಕೆ ಅದನ್ನು ಆಲ್ಫಾ ಮ್ಯಾಟ್ ಮಾಡಿ (ಆ ಸ್ಟ್ರೋಕ್ ಇರುವಲ್ಲಿ ಮಾತ್ರ ಅಕ್ಷರ ಕಾಣುತ್ತದೆ). ಸ್ಟ್ರೋಕ್‌ನ ತುದಿ ಗುಂಡಗಿರಲಿ.

ಕಷ್ಟ ಶುರುವಾಗುವುದು ಸುಳಿಗಳಲ್ಲಿ. ನಮ್ಮ ಅಕ್ಷರಗಳು ತಮ್ಮ ಮೇಲೆ ತಾವೇ ಹೊರಳಿ ಬರುತ್ತವೆ. ‘ಅ’, ‘ಣ’, ‘ಕ’ ಇಂಥವುಗಳಲ್ಲಿ ಮ್ಯಾಟ್‌ನ ದಪ್ಪ ಗೆರೆ ಒಂದು ಜಾಗ ಹಾದುಹೋಗುವಾಗ ಪಕ್ಕದ ಗೆರೆಯ ಅಂಚನ್ನೂ ಬಯಲು ಮಾಡುತ್ತದೆ. ಇನ್ನೂ ಬರೆಯದ ಭಾಗದ ಚೂರು ಮೊದಲೇ ಇಣುಕುತ್ತದೆ. ಗೆರೆಗಳು ಅಡ್ಡ ಹಾಯುವ ಜಾಗದಲ್ಲಿ ಅಕ್ಷರವನ್ನೇ ಕತ್ತರಿಸಿ ಎರಡು ಮೂರು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಮ್ಯಾಟ್ ಕೊಡುವುದೇ ಪರಿಹಾರ. ತುಂಡುಗಳು ಒಂದರ ಮೇಲೊಂದು 2 ಪಿಕ್ಸೆಲ್ ಹಾಯ್ದಿರಲಿ. ಸರಿಯಾಗಿ ಅಂಚಿಗೆ ಅಂಚು ಕೂಡಿಸಿದರೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ.

ಯಾವ ಗೆರೆ ಮೊದಲು? ಊಹಿಸಬೇಡಿ. ಲೆಟರಿಂಗ್ ಮಾಡಿದವರನ್ನೇ ಕಾಗದದ ಮೇಲೆ ಹೆಸರು ಬರೆಯಲು ಹೇಳಿ, ಮೇಲಿನಿಂದ ಫೋನಿನಲ್ಲಿ ಚಿತ್ರೀಕರಿಸಿ, ಆ ವಿಡಿಯೊವನ್ನು ಕೆಳಗಿನ ಲೇಯರ್‌ನಲ್ಲಿಟ್ಟು ಕೆಲಸ ಮಾಡಿ. ವೇಗದ ವ್ಯತ್ಯಾಸವೂ ಅಲ್ಲೇ ಸಿಗುತ್ತದೆ: ನೇರ ಗೆರೆಯಲ್ಲಿ ಕೈ ಓಡುತ್ತದೆ, ತಿರುವಿನಲ್ಲಿ ನಿಧಾನವಾಗುತ್ತದೆ, ಎತ್ತಿ ಇಡುವಾಗ 1ರಿಂದ 2 ಫ್ರೇಮ್ ಬಿಡುವು. ಎಲ್ಲ ಗೆರೆಗೂ ಒಂದೇ ಸಮನಾದ ವೇಗ ಕೊಟ್ಟರೆ ಯಂತ್ರ ಕೊರೆದ ಹಾಗಿರುತ್ತದೆ. ಮೂರು ನಾಲ್ಕು ಅಕ್ಷರದ ಹೆಸರಿಗೆ ಒಟ್ಟು 36ರಿಂದ 60 ಫ್ರೇಮ್ ಸಾಕು. ಒತ್ತನ್ನು ಅದರ ಮೂಲಾಕ್ಷರ ಮುಗಿದ ಕೂಡಲೇ ಬರೆಸಿ. ಇಡೀ ಪದ ಮುಗಿಸಿ ಒತ್ತುಗಳನ್ನು ಕೊನೆಗೆ ಹಚ್ಚುವುದು ನೋಡಲು ಚೆನ್ನ, ಓದಲು ಕಷ್ಟ.

ತೆಳುವಿನಿಂದ ದಪ್ಪಕ್ಕೆ ಊದಿಕೊಳ್ಳುವ ಹೆಸರು ಈಚೆಗೆ ಬ್ರ್ಯಾಂಡ್‌ಗಳಲ್ಲಿ ಹೆಚ್ಚಾಗಿದೆ. ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟಿನ ತೆಳು ರೂಪ, ದಪ್ಪ ರೂಪ ಎರಡರಲ್ಲೂ ಬಿಂದುಗಳ ಸಂಖ್ಯೆ, ಕ್ರಮ ಒಂದೇ ಇರುತ್ತದೆ. ಹಾಗಾಗಿ ಎರಡನ್ನೂ ಔಟ್‌ಲೈನ್ ಮಾಡಿ, ಒಂದರ ಪಾತ್ ಬೆಲೆಯನ್ನು ಇನ್ನೊಂದರ ಕೀಫ್ರೇಮಿಗೆ (ಚಲನೆಯ ಬೆಲೆ ಗುರುತಿಸಿದ ಫ್ರೇಮಿಗೆ) ಅಂಟಿಸಿದರೆ ನಡುವಿನ ರೂಪಗಳು ತಾವೇ ಹುಟ್ಟುತ್ತವೆ. ಅದಕ್ಕೆ ಮುಂಚೆ ಪಾತ್‌ಫೈಂಡರ್‌ನಲ್ಲಿ ‘ಯುನೈಟ್’ ಒತ್ತಿದ್ದರೆ ಮುಗಿಯಿತು. ಬಿಂದುಗಳ ಲೆಕ್ಕ ತಪ್ಪಿ ಅಕ್ಷರ ನಡುವೆ ಮುದ್ದೆಯಾಗುತ್ತದೆ.

3ಡಿ ಬೇಕೆಂದರೆ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ಕನ್ನಡ ಟೈಪ್ ಮಾಡಲು ಹೋಗಬೇಡಿ, ಒತ್ತುಗಳು ಜೋಡಣೆಯಾಗುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಪಾತ್ ಮಾಡಿ ಎಸ್‌ವಿಜಿಯಾಗಿ ತನ್ನಿ. ಒಳಗೆ ಬಂದಾಗ ಅದು ತೀರಾ ಚಿಕ್ಕದಿರುತ್ತದೆ. ದೊಡ್ಡದು ಮಾಡಿ ಸ್ಕೇಲ್ ಅಪ್ಲೈ ಮಾಡಿದ ಮೇಲೆ ಎಕ್ಸ್‌ಟ್ರೂಡ್ (ದಪ್ಪ), ಬೆವೆಲ್ (ಅಂಚಿಗೆ ಓರೆ) ಕೊಡಿ. ‘ಠ’, ‘ರ’ಗಳ ಒಳಗಿನ ತೂತು ಮುಚ್ಚಿಹೋಗಿದ್ದರೆ ಹೊರಗೆರೆ, ಒಳಗೆರೆ ಬೇರೆ ಬೇರೆ ಕರ್ವ್ ಆಗಿ ಬಂದಿವೆ, ಎರಡನ್ನೂ ಜಾಯಿನ್ ಮಾಡಿ. ಬೆವೆಲ್ ಹೆಚ್ಚಾದರೆ ಚಿಕ್ಕ ಸುಳಿಯೊಳಗೆ ಅಂಚುಗಳು ಒಂದಕ್ಕೊಂದು ನುಗ್ಗಿ ಕಪ್ಪು ಕಲೆ ಬೀಳುತ್ತದೆ. ಬಿಸಿ ಚಿನ್ನ, ಕಿಡಿ, ಹೊಗೆ ಎಲ್ಲ ಹಾಕಿ ಮುಚ್ಚಿದರೂ ಅದು ಕಾಣುತ್ತದೆ.

ಬ್ರ್ಯಾಂಡ್ ಲೋಗೊ, ಬೀದಿ ಪರದೆ

ಯೂಟ್ಯೂಬ್‌ನ ಬಂಪರ್ ಜಾಹೀರಾತು 6 ಸೆಕೆಂಡು ಮೀರುವಂತಿಲ್ಲ. ಸ್ಕಿಪ್ ಮಾಡಬಹುದಾದ ಜಾಹೀರಾತಿನಲ್ಲಿ 5 ಸೆಕೆಂಡಿಗೇ ಬಟನ್ ಬರುತ್ತದೆ. ಆದ್ದರಿಂದ ಲೋಗೊ ಮೂಡಲು 1 ಸೆಕೆಂಡು, ನಿಲ್ಲಲು ಕನಿಷ್ಠ ಒಂದೂವರೆ. ಕನ್ನಡ, ಇಂಗ್ಲಿಷ್ ಎರಡೂ ಇರುವ ಲೋಗೊದಲ್ಲಿ ಎರಡಕ್ಕೂ ಒಂದೇ ಪಾಯಿಂಟ್ ಅಳತೆ ಕೊಟ್ಟರೆ ಕನ್ನಡ ಕುಳ್ಳಾಗಿ ಕಾಣುವುದೇ ಹೆಚ್ಚು. ಒತ್ತಿಲ್ಲದ ಕನ್ನಡ ಅಕ್ಷರದ ಎತ್ತರವನ್ನು ಇಂಗ್ಲಿಷ್‌ನ ದೊಡ್ಡಕ್ಷರದ ಎತ್ತರಕ್ಕೆ ತಂದು, ಆಮೇಲೆ ಗೆರೆಯ ದಪ್ಪ ಹೊಂದಿಸಿ. ಇಂಗ್ಲಿಷ್ ಚಲಿಸಿ ಮುಗಿದ ಮೇಲೆ ಕನ್ನಡವನ್ನು ಸುಮ್ಮನೆ ಫೇಡ್ ಇನ್ ಮಾಡುವುದು ಊರಲ್ಲೆಲ್ಲ ಕಾಣುವ ಸೋಮಾರಿತನ. ಎರಡಕ್ಕೂ ಒಂದೇ ಚಲನೆ ಇರಲಿ.

ಅಂಗಡಿ ಮುಂದಿನ ಎಲ್‌ಇಡಿ ಫಲಕಕ್ಕೆ ಮಾಡುವಾಗ ಮೊದಲು ಪಿಕ್ಸೆಲ್ ಲೆಕ್ಕ ಕೇಳಿ. ಪಿ10 ಎಂದರೆ ಚುಕ್ಕೆಯಿಂದ ಚುಕ್ಕೆಗೆ 10 ಮಿಲಿಮೀಟರ್. ಒಂದು ಮಾಡ್ಯೂಲ್‌ನಲ್ಲಿ 32 ಅಡ್ಡ, 16 ಉದ್ದ. 16 ಪಿಕ್ಸೆಲ್ ಎತ್ತರದಲ್ಲಿ ‘ರಾಷ್ಟ್ರ’ದ ಎರಡು ಒತ್ತು ಓದಿಸುವುದು ಆಗದ ಮಾತು, ಎರಡು ಮಾಡ್ಯೂಲ್ ಎತ್ತರವಾದರೂ ಬೇಕು ಎಂದು ಮುಂಗಡವಾಗಿ ಹೇಳಿಬಿಡಿ. ಗೆರೆ 2 ಪಿಕ್ಸೆಲ್‌ಗಿಂತ ತೆಳುವಾಗಬಾರದು. ಸರಿಯುವ ಪಠ್ಯ ಫ್ರೇಮಿಗೆ ಪೂರ್ಣ ಪಿಕ್ಸೆಲ್‌ನಲ್ಲೇ ಸರಿಯಬೇಕು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಬಂದ ಮೇಲೆ ಚಲಿಸುವ ಫಲಕದಲ್ಲೂ ಕನ್ನಡವನ್ನು ಮೇಲೆ, ದೊಡ್ಡದಾಗಿ, ಸದಾ ಕಾಣುವಂತೆ ವಿನ್ಯಾಸ ಮಾಡುವುದು ಜಾಣತನ.

ಐದು ಭಾಷೆಯಲ್ಲಿ ಬಿಡುಗಡೆ ಎಂದಾಗ

ಒಂದೇ ರಿಗ್‌ನಲ್ಲಿ (ಅದೇ ಲೇಯರ್, ಎಕ್ಸ್‌ಪ್ರೆಶನ್ ಜೋಡಣೆಯಲ್ಲಿ) ತೆಲುಗು, ಮಲಯಾಳ, ತಮಿಳು ಸರಾಗವಾಗಿ ಕೂರುತ್ತವೆ. ಹಿಂದಿ ಕೂರುವುದಿಲ್ಲ. ಅಲ್ಲಿ ತಲೆಗೆರೆ ಇಡೀ ಪದವನ್ನು ಹಿಡಿದಿರುತ್ತದೆ. ಅಕ್ಷರ ದೂರ ಸರಿಸಿದರೆ ಗೆರೆ ತುಂಡಾಗುತ್ತದೆ. ಹಿಂದಿಗೆ ಇಡೀ ಪದವನ್ನು ಶೇ 100ರಿಂದ 104ಕ್ಕೆ ನಿಧಾನವಾಗಿ ಹಿಗ್ಗಿಸಿ. ಅಥವಾ ತಲೆಗೆರೆಯನ್ನು ಬೇರೆ ಲೇಯರ್ ಮಾಡಿ ಮೊದಲು ಎಳೆದು, ಅಕ್ಷರಗಳನ್ನು ಅದರಿಂದ ಇಳಿಬಿಡಿ.

ಉರುಳುವ ಹೆಸರುಪಟ್ಟಿ

ಇಲ್ಲಿ ಕಲೆಗಿಂತ ಗಣಿತ ಹೆಚ್ಚು. ಫ್ರೇಮಿಗೆ ಪೂರ್ಣ ಪಿಕ್ಸೆಲ್ ಸರಿಯದಿದ್ದರೆ ಅಕ್ಷರಗಳು ನಡುಗುತ್ತವೆ. 2ಕೆ ಸ್ಕೋಪ್ ಚೌಕಟ್ಟು 2048×858. ಸಾಲಿಗೆ 60 ಪಿಕ್ಸೆಲ್‌ನಂತೆ 300 ಸಾಲು ಎಂದರೆ 18,000; ಪರದೆಯಿಂದ ಪೂರ್ತಿ ಹೊರಹೋಗಲು ಇನ್ನು 858. ಫ್ರೇಮಿಗೆ 4 ಪಿಕ್ಸೆಲ್‌ನಂತೆ ಸುಮಾರು 4,715 ಫ್ರೇಮ್, ಅಂದರೆ 3 ನಿಮಿಷ 16 ಸೆಕೆಂಡು. ನಿರ್ಮಾಪಕರು ಎರಡೂವರೆ ನಿಮಿಷಕ್ಕೆ ಮುಗಿಸಿ ಎಂದರೆ ಕೀಫ್ರೇಮ್ ಎಳೆದು ಹತ್ತಿರ ತರಬೇಡಿ, ಅದು 5.24 ಪಿಕ್ಸೆಲ್ ಆಗಿ ಇಡೀ ಪಟ್ಟಿ ಮಿನುಗುತ್ತದೆ. 5 ಪಿಕ್ಸೆಲ್ ಇಟ್ಟು ಸಾಲಿನ ಅಂತರವನ್ನು 57ಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. ಅಕ್ಷರದ ಅಳತೆ ಆ ಅಂತರದ 1.7ನೇ ಒಂದು ಭಾಗ, ಸುಮಾರು 33 ಪಿಕ್ಸೆಲ್. ಇಂಗ್ಲಿಷ್‌ಗೆ ಹಾಕುವ 1.2 ಪಟ್ಟು ಅಂತರ ನಮಗಾಗದು: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಕೊಡುವ ಮುನ್ನ

16 ಬಿಟ್‌ನಲ್ಲಿ ಕೆಲಸ ಮಾಡಿ. 8 ಬಿಟ್‌ನಲ್ಲಿ ಕಪ್ಪು ಹಿನ್ನೆಲೆಯ ಮಂದ ಹೊಳಪು ಪಟ್ಟೆಪಟ್ಟೆಯಾಗುತ್ತದೆ. ಥಿಯೇಟರ್‌ನ ಕತ್ತಲಲ್ಲಿ ಪೂರ್ಣ ಬಿಳಿ ಕಣ್ಣು ಚುಚ್ಚುತ್ತದೆ, ಶೇ 85ರಿಂದ 90ರಲ್ಲಿ ನಿಲ್ಲಿಸಿ. ಎಡಿಟರ್‌ಗೆ ಹಿನ್ನೆಲೆಯಿಲ್ಲದ ಹೆಸರು ಬೇಕಿದ್ದರೆ ಪ್ರೊರೆಸ್ 4444 ವಿಡಿಯೊ ರೂಪ, ಸ್ಟ್ರೇಟ್ ಆಲ್ಫಾ (ಬಣ್ಣದಲ್ಲಿ ಹಿನ್ನೆಲೆ ಬೆರೆಯದ ಪಾರದರ್ಶಕತೆ). ಪ್ರೀಮಲ್ಟಿಪ್ಲೈಡ್ ಕೊಟ್ಟು ಆ ಕಡೆ ಸ್ಟ್ರೇಟ್ ಎಂದು ಓದಿಸಿದರೆ ಅಕ್ಷರದ ಸುತ್ತ ಕಪ್ಪು ಅಂಚು ಬರುತ್ತದೆ. ಡಿಸಿಪಿಗೆ (ಥಿಯೇಟರ್‌ಗೆ ಕಳಿಸುವ ಡಿಜಿಟಲ್ ಪ್ರತಿಗೆ) ಹೋಗುವುದು ಸೆಕೆಂಡಿಗೆ 24 ಫ್ರೇಮ್. ಟಿವಿ ವಾಹಿನಿ 25 ಕೇಳಿದರೆ ಫ್ರೇಮ್ ಬ್ಲೆಂಡ್ ಮಾಡದೆ (ಪಕ್ಕದ ಫ್ರೇಮುಗಳನ್ನು ಬೆರೆಸದೆ), ಆ 24ರ ಫ್ರೇಮುಗಳನ್ನೇ 25ರ ವೇಗದಲ್ಲಿ ಓಡಿಸಿ. ಬ್ಲೆಂಡ್ ಮಾಡಿದರೆ ತೆಳು ಒತ್ತುಗಳಿಗೆ ಎರಡೆರಡು ನೆರಳು ಬೀಳುತ್ತದೆ. ಲೇಯರನ್ನು ಪ್ರೀಕಾಂಪ್ ಮಾಡಿದ್ದರೆ (ಬೇರೆ ಚೌಕಟ್ಟಿನೊಳಗೆ ಗುಂಪು ಮಾಡಿದ್ದರೆ) ಅದರ ಕೆಳ ಅಂಚಿನಲ್ಲಿ ಒತ್ತು ಕತ್ತರಿಸಿಹೋಗಿಲ್ಲವೇ ಎಂದೂ ನೋಡಿ. ಪರದೆಯ ಕೆಳಭಾಗದಲ್ಲಿ ಹೆಸರು ತೋರಿಸುವ ಲೋವರ್ ಥರ್ಡ್ ಪಟ್ಟಿಗಳಲ್ಲಿ ಇದು ಮಾಮೂಲಿ ತಪ್ಪು.

ಪ್ರಾಜೆಕ್ಟ್ ಫೈಲಿನಲ್ಲಿ ಔಟ್‌ಲೈನ್ ಜೊತೆಗೆ ಟೈಪ್ ಮಾಡಿದ ಮೂಲ ಪಠ್ಯದ ಲೇಯರನ್ನೂ ಆಫ್ ಮಾಡಿ ಉಳಿಸಿಡಿ, ಫಾಂಟ್ ಫೈಲನ್ನು ಅದೇ ಫೋಲ್ಡರ್‌ಗೆ ಹಾಕಿ. ಬಿಡುಗಡೆಗೆ ವಾರವಿರುವಾಗ ಸಂಖ್ಯಾಶಾಸ್ತ್ರದವರ ಮಾತು ಕೇಳಿ ಇಂಗ್ಲಿಷ್ ಹೆಸರಿಗೆ ಇನ್ನೊಂದು ‘ಎ’ ಸೇರುವುದು, ಕನ್ನಡದಲ್ಲಿ ಹ್ರಸ್ವ ದೀರ್ಘವಾಗುವುದು ನಡೆದೇ ಇರುತ್ತದೆ. ಅಕ್ಷರಕ್ಕೊಂದು ಲೇಯರ್ ಇದ್ದರೆ ಬದಲಾದ ಒಂದನ್ನು ತೆಗೆದು ಹೊಸದನ್ನು ಅದೇ ಆ್ಯಂಕರ್‌ನಲ್ಲಿ ಕೂರಿಸಿ ಮತ್ತೆ ರೆಂಡರ್‌ಗೆ ಹಾಕಿದರೆ ಆಯಿತು.